ಅಮ್ಮನ ಸೀರೆ ಉದ್ದವಾದ ಕಥೆ

ಎರಡು ವರ್ಷದಿಂದ ಅಮ್ಮನದು ಒಂದೇ ದೂರು: "ಸೀರೆ ಯಾಕೋ ಉದ್ದ ಆಗ್ತಿದೆ ಕಣೇ, ನೆರಿಗೆ ನೆಲ ಗುಡಿಸುತ್ತೆ." ನಾನು ನಕ್ಕು ಸುಮ್ಮನಾಗಿದ್ದೆ. ಸೀರೆಗಳೇನೋ ಹಳೆಯವೇ. ಕುಗ್ಗಿದ್ದು ಅಮ್ಮ.

ಅದು ಗೊತ್ತಾಗಿದ್ದು ಹಿತ್ತಲಲ್ಲಿ ಜಾರಿದ ದಿನ. ನಿಂತಲ್ಲೇ ಜಾರಿ ಕೈ ಊರಿದರು, ಅಷ್ಟೇ. ಮಣಿಕಟ್ಟು ಮುರಿದಿತ್ತು. ಇಷ್ಟಕ್ಕೆಲ್ಲ ಮೂಳೆ ಮುರಿಯಬಾರದು ಎಂದು ಡಾಕ್ಟರು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟರು. ಆರೋಗ್ಯವಂತ ಯುವ ವಯಸ್ಕರ ಮೂಳೆಗೆ ಹೋಲಿಸಿ ಕೊಡುವ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.9. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ಕಾಯಿಲೆ. ಎಕ್ಸ್-ರೇ ನೋಡಿದರೆ ಬೆನ್ನುಮೂಳೆಯಲ್ಲೂ ಎರಡು ಕಡೆ ಕುಸಿದಿತ್ತು. ಅಮ್ಮ ಅದನ್ನು ಬರೀ ಸೊಂಟನೋವು ಅಂದುಕೊಂಡು ಮುಲಾಮು ತಿಕ್ಕಿಕೊಂಡೇ ಕಾಲ ತಳ್ಳಿದ್ದರು.

"ದಿನಾ ಮುದ್ದೆ ತಿಂದೋಳಿಗೆ ಇದೆಂಥ ಕಾಯಿಲೆ?" ಅಂತ ಅವರಿಗೆ ಸಿಟ್ಟು. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಆದರೆ ಮೈ ಅದನ್ನು ಹೀರಿಕೊಳ್ಳೋಕೆ ವಿಟಮಿನ್ ಡಿ ಬೇಕು, ಅಮ್ಮ ಬಿಸಿಲಿಗೆ ಬರುತ್ತಿದ್ದುದೇ ಕಡಿಮೆ. ಜೊತೆಗೆ ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ ಇಳಿದು ಮೂಳೆ ಬೇಗ ಸವೆಯುತ್ತದೆ. ನನಗೀಗ 49, ಮೂಳೆ ಗಟ್ಟಿ ಇರಲಿ ಅಂತ ನಾನೂ ಸಂಜೆ ಅವರ ಜೊತೆ ಮೆಟ್ಟಿಲು ಹತ್ತಿ ಇಳಿಯುತ್ತೇನೆ.

ಸೋಮವಾರ ಅಮ್ಮನ ಮೂಳೆ ಮಾತ್ರೆಯ ದಿನ. ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು, ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಇಲ್ಲದಿದ್ದರೆ ಅನ್ನನಾಳ ಉರಿಯುತ್ತದೆ. ಕಾಫಿಯೂ ಇಲ್ಲ. ಮೂಳೆ ಮುರಿದಾಗ ಅಳದ ಅಮ್ಮ, ಆ ಅರ್ಧ ಗಂಟೆ ಫಿಲ್ಟರ್ ಮುಂದೆ ಗಡಿಯಾರ ನೋಡುತ್ತಾ ಕೂತಿರುತ್ತಾರೆ.