ಚೀನಿ ಭರಣಿ, ಚೀನಿ ತಟ್ಟೆ: ಚಿತ್ತಾರ ಬಿಟ್ಟು ಬುಡ ನೋಡಿ

ನಮ್ಮ ಕಡೆ ಹಳೇ ವಾಡೆ ಕೆಡವಿದಾಗ ತಾಮ್ರ, ಹಿತ್ತಾಳೆ ಮೊದಲು ತೂಕಕ್ಕೆ ಹೋಗುತ್ತವೆ. ಭರಣಿ, ತಟ್ಟೆ, ಕಪ್-ಬಸಿ ಉಳಿದು ಗುಜರಿ ಅಂಗಡಿಯ ಮೂಲೆ ಸೇರುತ್ತವೆ. ಜಮಖಂಡಿ, ಮುಧೋಳ, ರಾಮದುರ್ಗದಂಥ ಸಂಸ್ಥಾನದ ಊರುಗಳು, ಬೆಳಗಾವಿಯ ಕ್ಯಾಂಪ್, ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟ ಹಳೇ ಬಾಗಲಕೋಟೆ: ಹುಡುಕುವವರು ಸುತ್ತಾಡಬೇಕಾದ ಜಾಗಗಳಿವು. ಆದರೆ ಅಂಗಡಿಯವರು ಚೀನಿ ಎಂದು ಕೊಡುವುದರಲ್ಲಿ ಬಹುಪಾಲು ಚೀನಾದ್ದಲ್ಲ. ಮೇಲೆ ಕಂದು, ಕೆಳಗೆ ಬಿಳಿ ಇರುವ ಉಪ್ಪಿನಕಾಯಿ ಭರಣಿ ಹೋದ ಶತಮಾನದಲ್ಲಿ ಗುಜರಾತಿನ ಥಾನ್, ವಾಂಕಾನೇರ್ ಮತ್ತು ಬಂಗಾಳದ ಕಾರಖಾನೆಗಳಲ್ಲಿ ತಯಾರಾದದ್ದು. ಗಟ್ಟಿ, ಚಂದ, ಇಡಲು ಯೋಗ್ಯ. ಆದರೆ ಅದಕ್ಕೆ ಚೀನಾದ ಬೆಲೆ ಕೊಡಬಾರದು.

ನಿಜವಾದ ಚೀನಾ ಸಾಮಾನು ಈ ಭಾಗಕ್ಕೆ ಬಂದದ್ದಂತೂ ಹೌದು. 1510ರವರೆಗೆ ಗೋವೆ ಆದಿಲ್‌ಶಾಹಿಗಳದ್ದು, ಕೊಂಕಣದ ದಾಭೋಳ ಬಂದರು ಕೂಡ ಅವರ ಕೈಯಲ್ಲಿತ್ತು. ವಿಜಯಪುರದ ಅರಕಿಲ್ಲೆಯೊಳಗಿನ ಚೀನಿ ಮಹಲಿನಲ್ಲಿ ಪಿಂಗಾಣಿ ಚೂರುಗಳು ಹೇರಳವಾಗಿ ಸಿಕ್ಕಿದ್ದವು. ಗೋಳಗುಮ್ಮಟದ ಎದುರಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಹಳೇ ಪಿಂಗಾಣಿ ಗಾಜಿನ ಪೆಟ್ಟಿಗೆಯಲ್ಲಿದೆ, ಶುಕ್ರವಾರ ರಜೆ. ಒಂದು ರೂಪಾಯಿ ಖರ್ಚು ಮಾಡುವ ಮೊದಲು ಅಲ್ಲಿ ಅರ್ಧ ದಿನ ನಿಲ್ಲಿ. ಬಿಳಿ ಎಂದರೆ ಅಚ್ಚ ಬಿಳಿಯಲ್ಲ, ಅದರಲ್ಲಿ ತುಸು ನೀಲಿಯ ಛಾಯೆ ಇರುತ್ತದೆ ಎನ್ನುವುದು ಫೋಟೋದಲ್ಲಿ ತಿಳಿಯುವುದಿಲ್ಲ.

ಇನ್ನು ಬುಡದ ಮಾತು. ತಟ್ಟೆ ಕೈಗೆ ಬಂದರೆ ಮೊದಲು ಬೋರಲು ಹಾಕಿ. ತಟ್ಟೆ ನಿಲ್ಲುವ ಉಂಗುರದ ಅಂಚಿಗೆ ಗ್ಲೇಜು, ಅಂದರೆ ಗಾಜಿನಂಥ ಹೊಳಪಿನ ಲೇಪ, ಇರುವುದಿಲ್ಲ. ಇದ್ದರೆ ಭಟ್ಟಿಯಲ್ಲಿ ಗ್ಲೇಜು ಕರಗಿ, ತಟ್ಟೆ ಕೆಳಗಿನ ಹಲಗೆಗೆ ಅಂಟಿಬಿಡುತ್ತದೆ. ಆ ಬರಿಮಣ್ಣೇ ಕಥೆ ಹೇಳುತ್ತದೆ. ಚೀನಾದ ಪಿಂಗಾಣಿಯ ಊರು ಜಿಂಗ್‌ದೆಜೆನ್‌ನ ಸಾಮಾನು ಸುಮಾರು 1300 ಡಿಗ್ರಿಯಲ್ಲಿ ಬೆಂದದ್ದು. ಉಂಗುರದ ಮಣ್ಣು ನುಣುಪು, ಒತ್ತು. ಗ್ಲೇಜು ಮುಗಿದು ಮಣ್ಣು ಶುರುವಾಗುವಲ್ಲಿ ಹಲವು ಸಲ ತೆಳು ಕೇಸರಿ ಗೆರೆ ಕಾಣುತ್ತದೆ. ಮಣ್ಣಿನಲ್ಲಿದ್ದ ಕಬ್ಬಿಣದ ಅಂಶ ಬೆಂಕಿಗೆ ಬಣ್ಣ ತಿರುಗಿದ್ದು ಅದು. ಈ ಗೆರೆ ಒಂದು ಕಡೆ ದಟ್ಟ, ಇನ್ನೊಂದು ಕಡೆ ಮಾಸಲು ಇರಬೇಕು. ಸುತ್ತಲೂ ಒಂದೇ ಬಣ್ಣ, ಒಂದೇ ಅಗಲ ಇದ್ದರೆ ಕುಂಚದಿಂದ ಹಚ್ಚಿದ್ದೆಂದು ಅನುಮಾನಿಸಿ. ಬುಡಕ್ಕೆ ಒರಟು ಮರಳು ಕಚ್ಚಿಕೊಂಡಿದ್ದರೆ ಕೊಳಕೆಂದು ಕೆರೆಯಬೇಡಿ: ಫುಜಿಯನ್ ಪ್ರಾಂತದ ಜಾಂಗ್‌ಜೌ ಭಟ್ಟಿಗಳಿಂದ ರಫ್ತಾದ ತಟ್ಟೆಗಳ ಗುರುತೇ ಅದು.

ದೊಡ್ಡ ಕಂದು ಭರಣಿಗಳಿಗೆ ಬೇರೆ ಲೆಕ್ಕ. ದಕ್ಷಿಣ ಚೀನಾದ ಭರಣಿಗಳ ಹೆಗಲ ಮೇಲೆ ಹಗ್ಗ ಕಟ್ಟಲು ನಾಲ್ಕೋ ಆರೋ ಕಿವಿಗಳಿರುತ್ತವೆ, ಗ್ಲೇಜು ಬುಡ ಮುಟ್ಟುವ ಮೊದಲೇ ನಿಂತಿರುತ್ತದೆ. ಒಳಗೆ ಕೈ ಹಾಕಿ ಹೊಟ್ಟೆಯ ಹತ್ತಿರ ಸವರಿ. ಎರಡು ಭಾಗ ಜೋಡಿಸಿದ್ದರೆ ಅಲ್ಲೊಂದು ಏಣು ಸಿಗುತ್ತದೆ. ಅಚ್ಚಿನಲ್ಲಿ ಮಾಡಿದ ಕಾರಖಾನೆ ಭರಣಿಗೆ ಎಲ್ಲ ಕಡೆ ಒಂದೇ ದಪ್ಪ. ಬುಡದಲ್ಲಿ ಹೆಸರು ಅಥವಾ ಅಳತೆಯ ಅಂಕಿ ಒತ್ತಿರುವುದೂ ಉಂಟು. ತಿಗರಿಯ ಮೇಲೆ ತಿರುಗಿದ ಬುಡ ಹೊಸದಿದ್ದಾಗ ಹೇಗಿರುತ್ತದೆಂದು ಖಾನಾಪುರದ ಕುಂಬಾರರ ಹತ್ತಿರ ಒಮ್ಮೆ ಕಣ್ಣಾರೆ ನೋಡಿಕೊಂಡರೆ ಬಹಳ ಉಪಯೋಗ.

ಬುಡದಲ್ಲಿ ಬರೆದ ಚೀನೀ ಅಕ್ಷರ ನೋಡಿ ಮರುಳಾಗಬೇಡಿ. ಆರು ಅಕ್ಷರಗಳ ಮುದ್ರೆಯಲ್ಲಿ ವಂಶ, ದೊರೆ, 'ಕಾಲದಲ್ಲಿ ಮಾಡಿದ್ದು' ಎಂದಿರುತ್ತದೆ. ಕಾಂಗ್‌ಶಿ ದೊರೆಯ ಕಾಲ 1662ರಿಂದ 1722. ಆದರೆ ಆತನ ಹೆಸರನ್ನು 19ನೇ ಶತಮಾನದ ಕುಶಲಕರ್ಮಿಗಳು ಗೌರವಕ್ಕೆಂದು ಧಾರಾಳವಾಗಿ ಬರೆದರು. ಇಂಗ್ಲಿಷಿನಲ್ಲಿ ಚೀನಾ ಎಂದು ಮುದ್ರೆಯಿದ್ದರೆ ಸಾಮಾನ್ಯವಾಗಿ ಅದು 1891ರ ನಂತರದ್ದು. ಆ ವರ್ಷ ಅಮೆರಿಕದ ಸುಂಕದ ಕಾಯ್ದೆ ಆಮದು ಸಾಮಾನಿನ ಮೇಲೆ ದೇಶದ ಹೆಸರು ಕಡ್ಡಾಯ ಮಾಡಿತು. ಮುದ್ರೆಗೆ ಕೊನೆಯ ಸ್ಥಾನ ಕೊಡಿ.

ಪತ್ತಾರರು ಬಳಸುವ 10 ಪಟ್ಟಿನ ಮಸೂರ ಜೇಬಿನಲ್ಲಿರಲಿ. ಬಳಸಿದ ತಟ್ಟೆಯ ನಡುವಿನ ಗೀರುಗಳು ಅಡ್ಡಾದಿಡ್ಡಿ, ಕೆಲವು ಆಳ, ಕೆಲವು ತೇಲು. ಸಾಣೆ ಕಾಗದದಿಂದ ಉಜ್ಜಿದ್ದರೆ ಎಲ್ಲವೂ ಒಂದೇ ದಿಕ್ಕಿಗೆ. ಆಸಿಡ್ ಹಾಕಿ ಮಂಕು ಮಾಡಿದ್ದರೆ, ಕೈ ತಾಗದ ಸಂದಿಯಲ್ಲೂ ಹೊಳಪು ಹೋಗಿರುತ್ತದೆ. ಬೆರಳ ತುದಿಯ ಮೇಲೆ ತಟ್ಟೆ ಕೂರಿಸಿ ಉಗುರಿನಿಂದ ಮೀಟಿದರೆ ಬಿರುಕಿಲ್ಲದ ಪಿಂಗಾಣಿ ನಾದ ಕೊಡುತ್ತದೆ; ದಪ್ಪ ಭರಣಿಗೆ ಈ ಪರೀಕ್ಷೆ ನಡೆಯದು. ಕತ್ತಲಲ್ಲಿ 365 ನ್ಯಾನೋಮೀಟರಿನ ಯುವಿ ಟಾರ್ಚ್ ಹಿಡಿದರೆ ಎಪಾಕ್ಸಿ ಅಂಟು, ಮೇಲೆ ಬಳಿದ ಬಣ್ಣ ಬೇರೆಯಾಗಿ ಹೊಳೆಯುತ್ತವೆ. ಲೋಹದ ಕೊಂಡಿ ಬಡಿದು ಜೋಡಿಸಿದ ಹಳೇ ರಿಪೇರಿ ಮಾತ್ರ ಪ್ರಾಮಾಣಿಕವಾದದ್ದು, ಅದನ್ನು ತೆಗೆಸಬೇಡಿ.

ನಮ್ಮ ಜಿಲ್ಲೆಗಳಲ್ಲಿ ಸಂಗ್ರಹ ಹಾಳಾಗುವುದು ಕೈಜಾರಿ ಒಡೆದು ಅಷ್ಟೇ ಅಲ್ಲ, ಉಪ್ಪಿನಿಂದ ಕೂಡ. ವರ್ಷಾನುಗಟ್ಟಲೆ ಉಪ್ಪಿನಕಾಯಿ ತುಂಬಿದ್ದ ಭರಣಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಉಪ್ಪುನೀರು ಮಣ್ಣಿಗೆ ಇಳಿದಿರುತ್ತದೆ. ಬೇಸಿಗೆಯಲ್ಲಿ ನೀರು ಆರಿ ಗ್ಲೇಜಿನ ಅಡಿಯಲ್ಲಿ ಉಪ್ಪು ಹರಳುಗಟ್ಟುತ್ತದೆ, ಮಳೆಗಾಲದ ತೇವಕ್ಕೆ ಕರಗುತ್ತದೆ, ಮತ್ತೆ ಹರಳುಗಟ್ಟುತ್ತದೆ. ಹೀಗೆ ಒಳಗಿನಿಂದ ಒತ್ತಿ ಒತ್ತಿ ಗ್ಲೇಜಿನ ಚಕ್ಕೆ ಹಾರುತ್ತದೆ. ಬುಡದಲ್ಲಿ ಬಿಳಿ ನವಿರು ಪುಡಿ ಕಂಡರೆ ಕಾಯಬೇಡಿ.

ಒಣ ಮೆತ್ತನೆ ಬ್ರಷ್‌ನಿಂದ ಪುಡಿ ಝಾಡಿಸಿ. ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಟವೆಲ್ ಹಾಸಿ, ಭರಣಿ ಇಟ್ಟು, ಒಳಗೂ ಹೊರಗೂ ಒಟ್ಟಿಗೆ ನೀರು ತುಂಬಿಸಿ. ಬೋರ್‌ವೆಲ್ ನೀರು ಬೇಡವೇ ಬೇಡ. ಅದರ ಗಡಸುತನ ಉಪ್ಪಿನ ಜಾಗಕ್ಕೆ ಸುಣ್ಣ ತಂದಿಡುತ್ತದೆ. ಮೊದಲ ಮೂರ್ನಾಲ್ಕು ದಿನ ಆರ್‌ಒ ನೀರು ಸಾಕು, ದಿನಾ ಬದಲಿಸಿ. ನಂತರ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಹಾಕಿ ನೀರಿನಲ್ಲಿ ಕರಗಿದ ಉಪ್ಪಿನಂಶ ತೋರಿಸುವ ಟಿಡಿಎಸ್ ಮೀಟರಿನಿಂದ ಅಳೆಯಿರಿ. ಹೊಸ ನೀರಿಗೆ ಸೊನ್ನೆಯ ಹತ್ತಿರ ಇರುವ ಅಂಕಿ ಮರುದಿನ ಏರುತ್ತಿದ್ದರೆ ಉಪ್ಪು ಇನ್ನೂ ಬರುತ್ತಿದೆ ಎಂದರ್ಥ. ಏರುವುದು ನಿಂತ ಮೇಲೆ ತೆಗೆದು ನೆರಳಲ್ಲಿ ಎರಡು-ಮೂರು ವಾರ ಆರಲು ಬಿಡಿ. ಚಕ್ಕೆ ಈಗಾಗಲೇ ಸಡಿಲವಾಗಿದ್ದರೆ, ಚಿನ್ನದ ಗೆರೆ ಅಥವಾ ಗ್ಲೇಜಿನ ಮೇಲೆ ಬರೆದ ಬಣ್ಣ ಇದ್ದರೆ, ಮೆತ್ತನೆ ಮಣ್ಣಿನ ಮೇಲೆ ಸೀಸದ ಹಸಿರು-ಹಳದಿ ಗ್ಲೇಜು ಇದ್ದರೆ ನೆನೆಹಾಕಬಾರದು. ಅದು ತಜ್ಞರ ಕೆಲಸ. ಸೀಸದ ಗ್ಲೇಜಿನ ಪಾತ್ರೆಯಲ್ಲಿ ತಿನ್ನುವ ಪದಾರ್ಥವನ್ನೂ ಇಡಬೇಡಿ.

ಬಿರುಕಿನಲ್ಲಿ ಕೂತ ಎಣ್ಣೆಗಂದು ಕಲೆಗೆ 6 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಹತ್ತಿ ಅದ್ದಿ ಹಚ್ಚಿ, ಮೇಲೆ ಪಾಲಿಥಿನ್ ಮುಚ್ಚಿ ಕೆಲವು ಗಂಟೆ ಬಿಡಬಹುದು. ಹಚ್ಚುವ ಮೊದಲು ಆ ಜಾಗವನ್ನು ಡಿಸ್ಟಿಲ್ಡ್ ವಾಟರಿನಿಂದ ತೋಯಿಸಿ, ಇಲ್ಲದಿದ್ದರೆ ಕಲೆ ಇನ್ನೂ ಒಳಕ್ಕೆ ಹೋಗುತ್ತದೆ. ಬಟ್ಟೆ ಬಿಳುಪು ಮಾಡುವ ಬ್ಲೀಚು ಹತ್ತಿರವೂ ಸುಳಿಯಬಾರದು. ಅದು ಬಿಟ್ಟುಹೋಗುವುದು ಮತ್ತೆ ಉಪ್ಪನ್ನೇ.

ಕಾಯ್ದೆಯ ವಿಷಯ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕುಶಲ ವಸ್ತು ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ, ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಸ್ಮಾರಕಗಳ ಆವರಣದಲ್ಲಿ ಬಿದ್ದ ಚೂರು ಎಷ್ಟೇ ಚಿಕ್ಕದಿರಲಿ, ಎತ್ತಬಾರದು. ಕೊಂಡದ್ದಕ್ಕೆ ಬಿಲ್ ತೆಗೆದುಕೊಂಡು, ಯಾವ ಊರಿನ ಯಾವ ಮನೆಯಿಂದ ಬಂದದ್ದೆಂದು ಬಿಲ್ಲಿನ ಹಿಂದೆಯೇ ಬರೆದಿಡಿ.

ಗೋಡೆಗೆ ತೂಗುಹಾಕುವ ಸ್ಪ್ರಿಂಗ್ ಕೊಂಡಿ ತಟ್ಟೆಯ ಅಂಚಿನ ಚಕ್ಕೆ ಹಾರಿಸುತ್ತದೆ, ಕೊಂಡಿಯ ತುದಿಗಳಿಗೆ ಸಲೈನ್ ಪೈಪಿನ ತುಂಡು ತೊಡಿಸಿ. ಒಂದರ ಮೇಲೊಂದು ಇಡುವುದಾದರೆ ನಡುವೆ ಗಂಜಿ ಇಲ್ಲದ ಹತ್ತಿ ಬಟ್ಟೆ ಹಾಕಿ, ನಾಲ್ಕಕ್ಕಿಂತ ಹೆಚ್ಚು ಪೇರಿಸಬೇಡಿ.