ಪಕ್ಕದ ಮನೆಯ ಅಪ್ಪನ ಹೋಮ್‌ವರ್ಕ್

"ಈಗ ಬೆಲ್ ಮಾಡಬೇಡಿ, ಅಪ್ಪ ಹೋಮ್‌ವರ್ಕ್ ಮಾಡ್ತಿದ್ದಾನೆ." ಸ್ಯಾನ್ ಡಿಯಾಗೋದ ನಮ್ಮ ಪಕ್ಕದ ಮನೆಯ ಪುಟ್ಟ ಹುಡುಗಿ ಮೊನ್ನೆ ಹೇಳಿದ್ದು. ಅವಳಪ್ಪ ಅಫ್ಘಾನಿಸ್ತಾನದ ಯುದ್ಧದಿಂದ ಬಂದವನು. ಯುದ್ಧದ ಆಘಾತ ಮನಸ್ಸಿನಲ್ಲುಳಿದು ಕಾಡುವ ಪಿಟಿಎಸ್‌ಡಿ ಎಂಬ ಕಾಯಿಲೆಗೆ ಅಪ್ಪ ಚಿಕಿತ್ಸೆಯಲ್ಲಿದ್ದಾನೆ ಎಂಬುದು ಮಗುವಿಗೂ ಗುಟ್ಟಲ್ಲ.

ಆ ಚಿಕಿತ್ಸೆಗೆ ಪ್ರೊಲಾಂಗ್ಡ್ ಎಕ್ಸ್‌ಪೋಶರ್ ಎನ್ನುತ್ತಾರೆ. ವಾರಕ್ಕೊಮ್ಮೆ ಸುಮಾರು 90 ನಿಮಿಷ, ಒಟ್ಟು 8ರಿಂದ 15 ಸಲ. ಸೈನಿಕ ಕಣ್ಣು ಮುಚ್ಚಿ, ಆ ಕೆಟ್ಟ ದಿನ ಈಗಲೇ ನಡೆಯುತ್ತಿದೆ ಎಂಬಂತೆ ಹೇಳುತ್ತಾನೆ. ಅದನ್ನು ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ದಿನಾ ಕೇಳಬೇಕು. ಜೊತೆಗೆ, ಇಷ್ಟು ದಿನ ತಪ್ಪಿಸಿಕೊಂಡ ಗದ್ದಲದ ಜಾಗಗಳಿಗೆ ಹೋಗಿ, ಭಯಕ್ಕೆ 0ಯಿಂದ 100ರೊಳಗೆ ಅಂಕ ಕೊಟ್ಟುಕೊಳ್ಳುತ್ತ, ಅದು ಅರ್ಧಕ್ಕೆ ಇಳಿಯುವವರೆಗೆ ಕೂರಬೇಕು. ಕೆಡುವುದು ಇಲ್ಲೇ. ಎದೆ ಹೊಡೆದುಕೊಂಡ ಕೂಡಲೇ ಎದ್ದು ಬಂದರೆ, ಅಥವಾ ಗೋಡೆಗೆ ಬೆನ್ನು ಕೊಟ್ಟು ಬಾಗಿಲನ್ನೇ ಕಾಯುತ್ತ ಕೂತರೆ, 'ಎಚ್ಚರವಿದ್ದದ್ದಕ್ಕೇ ಬದುಕಿದೆ' ಎಂದೇ ಮೈ ಕಲಿಯುತ್ತದೆ. ಮೊದಮೊದಲು ಕೆಟ್ಟ ಕನಸು ಹೆಚ್ಚಾಗುವುದೂ ಉಂಟು. ಅದಕ್ಕೆ ಹೆದರಿ ಬಿಡುವವರಿದ್ದಾರೆ.

ಅಮೆರಿಕದಲ್ಲೂ ಇಂಥ ನೆರವು ಸುಮ್ಮನೆ ಬಂದದ್ದಲ್ಲ. ವಿಯೆಟ್ನಾಂನಿಂದ ಮರಳಿದವರು ಪಟ್ಟು ಹಿಡಿದ ಮೇಲೆ 1979ರಲ್ಲಿ ವೆಟ್ ಸೆಂಟರ್‌ಗಳು, ಅಂದರೆ ಮಾಜಿ ಸೈನಿಕರ ಆಪ್ತಸಮಾಲೋಚನೆ ಕೇಂದ್ರಗಳು, ಶುರುವಾದವು. ಪಿಟಿಎಸ್‌ಡಿ ಅಲ್ಲಿನ ಮನೋವೈದ್ಯರ ಕೈಪಿಡಿ ಸೇರಿದ್ದು 1980ರಲ್ಲಿ. ವೆಟ್ ಸೆಂಟರಿನಲ್ಲಿ ಸೈನಿಕ ಆಡಿದ ಮಾತು, ಪ್ರಾಣಾಪಾಯದಂಥ ಸಂದರ್ಭ ಬಿಟ್ಟರೆ, ಅವನ ಒಪ್ಪಿಗೆಯಿಲ್ಲದೆ ಸೇನೆಗೆ ಹೋಗುವುದಿಲ್ಲ. ನನ್ನ ಲೆಕ್ಕದಲ್ಲಿ ಔಷಧಿಗಿಂತ ಮೊದಲು ಬೇಕಾದದ್ದು ಈ ಭರವಸೆ.

ನಮ್ಮ ಕಾರವಾರಕ್ಕೆ ಯೋಧರೆಂದರೆ ಪ್ರೀತಿ. ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಹಡಗು ನಿಂತಿದೆ, ಚೆಂಡಿಯಾದ ರಾಮ ರಾಘೋಬ ರಾಣೆಯವರ ಪರಮವೀರ ಚಕ್ರ ಇಡೀ ಜಿಲ್ಲೆಯ ಹೆಮ್ಮೆ. ಆದರೆ ದೀಪಾವಳಿಯ ಪಟಾಕಿಗೆ ಬೆಚ್ಚಿ ಒಳಕೋಣೆ ಸೇರುವವನಿಗೆ ನಾವು "ಮಿಲಿಟರಿಯಲ್ಲಿದ್ದವ ಹೆದರೂದಾ?" ಎನ್ನುತ್ತೇವೆ. ತಾಯತ ಕಟ್ಟಿಸುತ್ತೇವೆ. ರಾತ್ರಿಗೆ ಕ್ಯಾಂಟೀನಿನ ರಮ್ಮು ಇದ್ದೇ ಇದೆ. ಕುಡಿದವನಿಗೆ ನಿದ್ದೆ ಬೇಗ ಹತ್ತುತ್ತದೆ, ನಡುರಾತ್ರಿ ದಾಟಿದ ಮೇಲೆ ಒಡೆಯುತ್ತದೆ, ಕನಸು ಮುತ್ತುವುದೂ ಆಗಲೇ. ಆತಂಕ ತಗ್ಗಿಸಲು ಕೊಡುವ ಅಲ್‌ಪ್ರಜೋಲಂ ತರದ ಗುಳಿಗೆಯೂ ಈ ಕಾಯಿಲೆಗೆ ಮದ್ದಲ್ಲ, ಚಟವಾಗುವ ಅಪಾಯ ಬೇರೆ. ಖಿನ್ನತೆಗೂ ಕೊಡುವ ಸರ್ಟ್ರಲಿನ್ ಎಂಬ ಔಷಧಿ ಕೆಲಸಕ್ಕೆ ಬರುತ್ತದೆ, ಆದರೆ ಗುಣ ಕಾಣಲು ಕೆಲವು ವಾರ ಬೇಕು. ಎಂಟೇ ದಿನಕ್ಕೆ ನಿಲ್ಲಿಸಬಾರದು.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಹಗಲೂ ರಾತ್ರಿಯೂ ಸಿಗುತ್ತಾರೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡ್ ಇದ್ದವರು ಅದರ ಪಾಲಿಕ್ಲಿನಿಕ್ಕಿನಲ್ಲಿ ಮನೋವೈದ್ಯರಿಗೆ ರೆಫರಲ್ ಕೇಳಿ. "ನಿದ್ದೆ ಇಲ್ಲ" ಎಂದಷ್ಟೇ ಹೇಳಿದರೆ ನಿದ್ದೆಗುಳಿಗೆಯಷ್ಟೇ ಸಿಕ್ಕೀತು. ಕನಸು ವಾರಕ್ಕೆ ಎಷ್ಟು ಸಲ, ಯಾವ ಸದ್ದಿಗೆ ಬೆಚ್ಚುತ್ತಾನೆ, ಯಾವ ಜಾಗಕ್ಕೆ ಹೋಗಲೊಲ್ಲ, ಎಷ್ಟು ಕುಡಿಯುತ್ತಾನೆ, ಸಾಯುವ ಮಾತು ಆಡಿದ್ದಾನೆಯೇ ಎಂಬುದನ್ನೆಲ್ಲ ಮನೆಯವರು ಚೀಟಿಯಲ್ಲಿ ಬರೆದುಕೊಂಡೇ ಜೊತೆಗೆ ಹೋಗಬೇಕು.