ಫಾರಿನ್ ಗೆಳೆಯರನ್ನು ನಮ್ಮೂರ ಶಾಲೆಗೆ ಕರ್ಕೊಂಡು ಬರ್ಬಹುದಾ?

ಬಾಗೇಪಲ್ಲಿ, ಗೌರಿಬಿದನೂರು ಕಡೆಯಿಂದ ಹೋಗಿ ಹೊರದೇಶದಲ್ಲಿ ಕೆಲಸದಲ್ಲಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಆಫೀಸಿನ ಹತ್ತು ಜನ ಎರಡು ವಾರ ಇಂಡಿಯಾಕ್ಕೆ ಬರ್ತಾರಂತೆ, ನಾನು ಓದಿದ ಸರ್ಕಾರಿ ಶಾಲೆಗೆ ಏನಾದ್ರೂ ಮಾಡ್ಬೇಕಂತೆ. ಏನು ಮಾಡಿಸೋಣ?"

ಧಾರಾಳವಾಗಿ ಕರ್ಕೊಂಡು ಬನ್ನಿ. ಆದರೆ ಬ್ಯಾಗು, ನೋಟ್‌ಬುಕ್ಕು, ಬಣ್ಣದ ಡಬ್ಬ ಅಂತ ಪಟ್ಟಿ ಬರೆಯುವ ಮೊದಲು ಹೆಡ್ ಮೇಷ್ಟ್ರ ಮುಂದೆ ಕೂತು, "ಇವರು ವಾಪಸ್ ಹೋದ ಮೇಲೆ ಇದನ್ನ ನೋಡ್ಕೊಳ್ಳೋರು ಯಾರು ಸಾರ್?" ಎಂದು ಕೇಳಿ. ಪಠ್ಯಪುಸ್ತಕ, ಸಮವಸ್ತ್ರ, ಶೂ ಸರ್ಕಾರವೇ ಕೊಡುತ್ತದೆ. ಶಾಲೆ ಒದ್ದಾಡುವುದು ಬೇರೆ ಕಡೆ.

ಮೊದಲು ಕಾಗದಪತ್ರ. ಸಂಬಳವಿಲ್ಲದ ಸ್ವಯಂಸೇವೆಗೆ ಇ-ಟೂರಿಸ್ಟ್ ವೀಸಾದಲ್ಲೇ ಒಂದು ತಿಂಗಳವರೆಗೆ ಅವಕಾಶವಿದೆ. ಅರ್ಜಿಯಲ್ಲಿ ಆ ಉದ್ದೇಶವನ್ನೇ ತೋರಿಸಬೇಕು. ನಿಮ್ಮ ಮನೆಯಲ್ಲೇ ಉಳಿದುಕೊಂಡರೆ 24 ಗಂಟೆಯೊಳಗೆ ಆನ್‌ಲೈನಲ್ಲಿ ವಿದೇಶಿ ಅತಿಥಿಗಳ ವಿವರದ ಫಾರ್ಮ್ (ಮೊದಲು ಇದನ್ನು ಫಾರ್ಮ್ ಸಿ ಅನ್ನುತ್ತಿದ್ದರು) ತುಂಬಬೇಕು. ಇದು ಹೋಟೆಲಿನವರ ತಲೆನೋವು ಅಂದುಕೊಂಡವರೇ ಜಾಸ್ತಿ. ಶಾಲೆಗೆ ಹೋಗಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಪತ್ರವಿರಲಿ.

ಜನ ಹೆಚ್ಚು ಎಡವುವುದು ದುಡ್ಡಿನ ವಿಷಯದಲ್ಲಿ. ವಿದೇಶಿ ಪಾಸ್‌ಪೋರ್ಟಿನವರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಖಾತೆಗೆ ನೇರ ದುಡ್ಡು ಹಾಕುವಂತಿಲ್ಲ. ಇಲ್ಲಿಗೇ ಬಂದು ರೂಪಾಯಿಯಲ್ಲಿ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ವಿದೇಶಿ ಪೌರತ್ವ ಪಡೆದು ಓಸಿಐ ಕಾರ್ಡ್ ಇಟ್ಟುಕೊಂಡ ನಮ್ಮವರೂ ಈ ಲೆಕ್ಕದಲ್ಲಿ ವಿದೇಶಿಯರೇ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಎನ್‌ಆರ್‌ಐ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ತೊಂದರೆಯಿಲ್ಲ. ಉಳಿದವರ ಹಣ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆಗೇ ಹೋಗಬೇಕು, ಅದೂ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ ಆ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ತಾನೇ ಖರ್ಚು ಮಾಡಬೇಕು. ಹಾಗಾಗಿ ನಮ್ಮ ತಾಲ್ಲೂಕಿನಲ್ಲಿ ಸ್ವತಃ ಕೆಲಸ ಮಾಡುವ ಸಂಸ್ಥೆಯನ್ನೇ ಹುಡುಕಿ.

ಇನ್ನು ಮಾಡುವುದೇನು? ಬಾಗೇಪಲ್ಲಿ, ಪಾವಗಡ, ಮುಳಬಾಗಿಲು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರು, ಯುವಿ ದೀಪಕ್ಕೂ ಅದು ಜಗ್ಗುವುದಿಲ್ಲ. ಅದಕ್ಕೇ ಎಲ್ಲರೂ ಆರ್‌ಒ ಕೊಡಿಸುತ್ತಾರೆ.

ಅದರ ಲೆಕ್ಕ ನೋಡಿ. 100 ಮಕ್ಕಳಿಗೆ ತಲಾ 2 ಲೀಟರಿನಂತೆ ದಿನಕ್ಕೆ 200 ಲೀಟರ್. ಗಂಟೆಗೆ 25 ಲೀಟರಿನ ಯಂತ್ರ ಎಂಟು ಗಂಟೆ ಓಡಬೇಕು, ಅಷ್ಟು ಹೊತ್ತು ಕರೆಂಟೂ ಇರಬೇಕು. 400 ಲೀಟರಿಗೂ ಮೇಲ್ಪಟ್ಟು ನೀರು ಹೊರಗೆ ಹೋಗುತ್ತದೆ. ಅದರಲ್ಲಿ ಫ್ಲೋರೈಡ್ ಇನ್ನೂ ಹೆಚ್ಚು. ಶೌಚಾಲಯಕ್ಕೆ ಆದೀತು, ದನದ ತೊಟ್ಟಿಗೆ ಬೇಡ. ಗಡಸು ನೀರಿನ ಸುಣ್ಣ ಯಂತ್ರದೊಳಗಿನ ಸೋಸುವ ಪೊರೆಗೆ (ಮೆಂಬ್ರೇನ್) ಕಟ್ಟಿಕೊಂಡು ನೀರು ಸಣ್ಣಗಾಗುತ್ತದೆ. ಕಾರ್ಟ್ರಿಜ್ ಬದಲಿಸಲು ದುಡ್ಡಿಲ್ಲದೆ ಯಂತ್ರ ಮೂಲೆ ಸೇರುತ್ತದೆ, ಗೋಡೆಯ ಮೇಲೆ ದಾನಿಗಳ ಹೆಸರು ಮಾತ್ರ ಹೊಳೆಯುತ್ತಿರುತ್ತದೆ. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ಹೇಳುವ ಟಿಡಿಎಸ್ ಮೀಟರ್ ಫ್ಲೋರೈಡ್ ಎಷ್ಟಿದೆ ಎಂದು ತೋರಿಸುವುದಿಲ್ಲ ಎಂಬುದೂ ಗೊತ್ತಿರಲಿ.

ನಮ್ಮ ಮತ ಮಳೆನೀರಿಗೆ. 100 ಚದರ ಮೀಟರ್ ಆರ್‌ಸಿಸಿ ತಾರಸಿಯ ಮೇಲೆ 1 ಮಿಲಿಮೀಟರ್ ಬಿದ್ದರೆ 100 ಲೀಟರ್. ವರ್ಷಕ್ಕೆ 600 ಮಿಲಿಮೀಟರ್ ಹಿಡಿದು, ಐದನೇ ಒಂದು ಪಾಲು ನಷ್ಟ ಕಳೆದರೂ 48,000 ಲೀಟರ್. ಶಾಲೆ ನಡೆಯುವ 220 ದಿನಕ್ಕೆ ಬೇಕಾದದ್ದು 44,000. ಆದರೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಳೆ ನೆಚ್ಚುವಂತಿಲ್ಲ, ಆ ಅವಧಿಯ ಸುಮಾರು ನೂರು ಶಾಲಾ ದಿನಕ್ಕೆ 20,000 ಲೀಟರಿನ ಸಂಪು ಬೇಕು: 13 ಅಡಿ ಉದ್ದ, 9 ಅಡಿ ಅಗಲ, 6 ಅಡಿ ನೀರು. ಗಾರೆ ಕೆಲಸ ಊರ ಮೇಸ್ತ್ರಿಗೇ ಬಿಡಿ, ಬೇಸಿಗೆ ರಜೆಯಲ್ಲಿ ಮುಗಿಸಿ. ಮಕ್ಕಳು ಓಡಾಡುವಾಗ ತೆರೆದ ಗುಂಡಿ ಇರಕೂಡದು, ಮುಚ್ಚಳಕ್ಕೆ ಬೀಗ ಕಡ್ಡಾಯ. ಗೆಳೆಯರು ಜುಲೈನಲ್ಲಿ ಬಂದು ತಾರಸಿ ತೊಳೆದು, ಪೈಪು, ಜಾಲರಿ ಕೂರಿಸಲಿ. ಮಳೆಯ ಮೊದಲ 200 ಲೀಟರ್ ಕೊಳೆ ನೀರು ಬೇರೆ ಡ್ರಮ್ಮಿಗೆ ಹೋಗಬೇಕು. ಕೆಡುವುದು ಇಲ್ಲೇ: ಪ್ರತಿ ಮಳೆಯ ನಂತರ ಡ್ರಮ್ಮಿನ ತಳದ ಮುಚ್ಚಳ ತೆಗೆದು ಖಾಲಿ ಮಾಡದಿದ್ದರೆ, ಮುಂದಿನ ಮಳೆಯ ಹಕ್ಕಿ ಹಿಕ್ಕೆ ಸೀದಾ ಸಂಪಿಗೆ.

ಬಣ್ಣ ಹೊಡೆಯಲೇಬೇಕು ಅಂದರೆ ಹೊರಗೋಡೆಗೆ ಹೊಡೀರಿ. ಚಟುವಟಿಕೆಗಳ ಮೂಲಕ ಚಿಕ್ಕ ಮಕ್ಕಳಿಗೆ ಕಲಿಸುವ ನಲಿ-ಕಲಿ ಕೊಠಡಿಯಲ್ಲಿ ಗೋಡೆಯ ಕೆಳಭಾಗದ ಕರಿಪಟ್ಟಿ ಮಕ್ಕಳು ಸೀಮೆಸುಣ್ಣದಲ್ಲಿ ಬರೆಯುವ ಜಾಗ. ಅದರ ಮೇಲೆ ಚಿಟ್ಟೆ ಬಿಡಿಸಿ ಹೋದರೆ ಮಕ್ಕಳು ಬರೆಯುವುದೆಲ್ಲಿ?

ಇಂಗ್ಲಿಷ್ ಪಾಠದ ಆಸೆಯೂ ಇರುತ್ತದೆ. ಗಡಿಯ ಹಳ್ಳಿಗಳಲ್ಲಿ ಮಕ್ಕಳ ಮನೆಮಾತು ತೆಲುಗು, ಶಾಲೆಯದು ಕನ್ನಡ, ಇಂಗ್ಲಿಷ್ ಮೂರನೆಯದು. ಐದೈದು ಮಕ್ಕಳ ಗುಂಪು ಮಾಡಿ, ಅಂಗಳದಿಂದ ಒಂದು ಹುಣಸೆಹಣ್ಣು ತನ್ನಿ. ಮಗು "ಚಿಂತಪಂಡು" ಅನ್ನಲಿ, ಮೇಡಂ ಕನ್ನಡದಲ್ಲಿ ಬರೆಯಲಿ, ಅತಿಥಿ "ಟ್ಯಾಮರಿಂಡ್" ಅನ್ನಲಿ, ಆಮೇಲೆ ಮಗು ಅತಿಥಿಗೆ ತೆಲುಗು ಕಲಿಸಲಿ. ಅರ್ಧ ಗಂಟೆ ಸಾಕು. ಬಂದವರೂ ತಪ್ಪುತಪ್ಪಾಗಿ ಉಚ್ಚರಿಸುವುದು ಕೇಳಿದರೆ ಮಕ್ಕಳ ನಾಚಿಕೆ ಅರ್ಧ ಇಳಿಯುತ್ತದೆ.

ಊಟ ತರುವುದಾದರೆ ಹಿಂದಿನ ದಿನವೇ ಅಡುಗೆಯವರಿಗೆ ಹೇಳಿ. ಐದನೇ ತರಗತಿವರೆಗೆ ತಲೆಗೆ 100 ಗ್ರಾಂ ಅಕ್ಕಿ; ನೂರು ಮಕ್ಕಳಿಗೆ ಬೆಳಗ್ಗೆಯೇ ಹತ್ತು ಕೇಜಿ ಒಲೆ ಮೇಲೇರಿರುತ್ತದೆ. ನೀವು ಬಿರಿಯಾನಿ ಪೊಟ್ಟಣ ತಂದರೆ ಆ ಅನ್ನ ತಿಪ್ಪೆಗೆ. ಮೈಸೂರು ಪೇಟ, ಹಾರ, ಭಾಷಣ ಬೇಡ ಅಂತಲೂ ಮೊದಲೇ ತಿಳಿಸಿ, ಇಲ್ಲದಿದ್ದರೆ ಮಕ್ಕಳನ್ನು ಒಂದು ಗಂಟೆ ಬಿಸಿಲಲ್ಲಿ ಕೂರಿಸಿರುತ್ತಾರೆ.

ಹೊರಡುವ ದಿನ ಸಂಪಿನ ಬೀಗದ ಕೈ ಯಾರ ಹತ್ತಿರ, ಡ್ರಮ್ ಖಾಲಿ ಮಾಡುವವರು ಯಾರು, ವರ್ಷಕ್ಕೊಮ್ಮೆ ಸಂಪು ತೊಳೆಸುವ ಕೂಲಿ ಎಲ್ಲಿಂದ ಎಂಬ ಮೂರನ್ನೂ ಎಸ್‌ಡಿಎಂಸಿ ನಡಾವಳಿ ಪುಸ್ತಕದಲ್ಲಿ ಬರೆಸಿ, ಅಧ್ಯಕ್ಷರ ಸಹಿ ಹಾಕಿಸಿ. ಬೀಗದ ಎರಡನೇ ಕೈ ಅಡುಗೆಯಮ್ಮನ ಹತ್ತಿರ ಇರಲಿ.